ಕೀಬೋರ್ಡ್ ಕೆಟ್ಟಿತು ಅನ್ನುವ ಮೊದಲು
(ಸಂಘದ ಲೆಕ್ಕ ಬರೆಯುವವರ ತರಬೇತಿಯಲ್ಲಿ ಆಡಿದ ಮಾತು)



ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಸಂಘಗಳಿಗೆ ಹೋದಾಗ ನಾವು ಕೇಳುವ ಮಾತು: "ಸಿಸ್ಟರ್, ವೈರಿಲ್ಲದ ಕೀಬೋರ್ಡ್ ಹತ್ತವಲ್ದು, ಸಾಲದ ಅರ್ಜಿ ಹಾಂಗೇ ಉಳೀತು." ಅಂಗಡಿಗೆ ಓಡಿ ಸಂಘದ ಹಣ ಖರ್ಚು ಮಾಡುವ ಮೊದಲು ನಾವೇ ನೋಡೋಣ.

ಕೀಬೋರ್ಡಿನ ಆನ್-ಆಫ್ ಗುಂಡಿ ನೋಡ್ರಿ. ಹೊಸ ಸೆಲ್ ಹಾಕ್ರಿ, ಪ್ಲಸ್-ಮೈನಸ್ ಸರಿ ಇರಲಿ. ಬಹಳ ಸಲ ರೋಗ ಇಷ್ಟೇ. ಆಮೇಲೆ ಉಗುರಿನಷ್ಟು ಸಣ್ಣ ಯು.ಎಸ್.ಬಿ. ರಿಸೀವರ್. ಸಿ.ಪಿ.ಯು. ಹಿಂದೆ ಇದ್ದರೆ ತಗಡಿನ ಡಬ್ಬಿ ರೇಡಿಯೋ ಅಲೆಗೆ ಅಡ್ಡ ಬರುತ್ತದೆ, ಮುಂದಿನ ಕಿಂಡಿಗೆ ಹಾಕ್ರಿ. ಶಹಾಬಾದ, ವಾಡಿಯವರು ಕಿಂಡಿಯೊಳಗಿನ ಕಲ್ಲು-ಸಿಮೆಂಟಿನ ಧೂಳನ್ನೂ ನೋಡಬೇಕು. ಒಂದು ಕೀಬೋರ್ಡಿನ ರಿಸೀವರ್ ಸಾಮಾನ್ಯವಾಗಿ ಇನ್ನೊಂದಕ್ಕೆ ನಡೆಯುವುದಿಲ್ಲ, ಕಳಕೋಬ್ಯಾಡ್ರಿ. ಬ್ಲೂಟೂತ್ ಕೀಬೋರ್ಡಿಗೆ ರಿಸೀವರ್ ಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಹಳೇ ಹೆಸರು ತೆಗೆದು ಹೊಸದಾಗಿ ಜೋಡಿಸಬೇಕು.

ಅರ್ಜಿಗೆ ಇವತ್ತೇ ಕೊನೇ ದಿನವೇ? ವಿಂಡೋಸ್ 11 ಇದ್ದರೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಆನ್-ಸ್ಕ್ರೀನ್ ಕೀಬೋರ್ಡ್ ಸಿಗುತ್ತದೆ. ಮೌಸ್‌ನಿಂದ ಒಂದೊಂದೇ ಅಕ್ಷರ ಒತ್ತಿ ಮುಗಿಸ್ರಿ, ತಡ ಆದರೂ ಆಗುತ್ತದೆ. ನಮ್ಮನ್ನು ಕೇಳಿದರೆ, ಸಂಘದ ಕೋಣೆಗೆ ವೈರಿನ ಕೀಬೋರ್ಡೇ ಲೇಸು. ರಿಪೇರಿಯವರು ಬಂದಾಗ ಪಾಸ್‌ವರ್ಡ್ ಮಾತ್ರ ನೀವೇ ಒತ್ತಬೇಕು, ಅವರಿಗೆ ಬಾಯಿಬಿಟ್ಟು ಹೇಳಬಾರದು.