ಮೀಟರ್‌ನಲ್ಲಿ ಬರೀ 480 ಗಂಟೆ, ಅಷ್ಟಕ್ಕೇ ನಂಬಬೇಡಿ

ದೆಹಲಿ, ನೋಯ್ಡಾ, ಗುರುಗ್ರಾಮದಲ್ಲಿ ಕಾರು ಇಟ್ಕೊಂಡಿರೋ ನಮಗೆಲ್ಲ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಲಾಟೆ ಗೊತ್ತೇ ಇದೆ. ಆಗ ನಾವು ಹೇಳೋದು ಒಂದೇ ಮಾತು: "ನನ್ನ ಗಾಡಿ ಓಡಿರೋದೇ ಕಮ್ಮಿ, ವಯಸ್ಸು ಯಾಕೆ ನೋಡ್ತೀರಾ?" ಕಾರಿಗೆ ಈ ವಾದ ಮಾಡಬಹುದು. ಸಣ್ಣ ವಿಮಾನದ ಎಂಜಿನ್‌ಗೆ ಇದೇ ವಾದ ಮಾಡಿದ್ರೆ ಜೀವಕ್ಕೇ ಅಪಾಯ.

ನಾಲ್ಕೈದು ಜನ ಸೇರಿ ಹಳೇ ಸೆಸ್ನಾ 172 ತಗೊಳ್ಳೋಣ ಅನ್ನೋ ಮಾತು ನಮ್ಮ ಗೆಳೆಯರಲ್ಲೂ ಬರ್ತಿದೆ. ಅದಕ್ಕೇ ಈ ವಿಷಯ.

172ಎಸ್ ಮಾದರಿಯಲ್ಲಿರೋದು ಲೈಕಮಿಂಗ್ ಐಒ-360 ಎಂಜಿನ್. ಅದನ್ನ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡೋಕೆ ಕಂಪನಿ ಹೇಳೋ ಮಿತಿ 2000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಈಗ ಲೆಕ್ಕ ಹಾಕಿ. ಖಾಸಗಿ ಮಾಲೀಕ ವರ್ಷಕ್ಕೆ 40 ಗಂಟೆ ಹಾರಿಸಿದ್ರೆ 12 ವರ್ಷಕ್ಕೆ 480 ಗಂಟೆ. "ಇನ್ನೂ 1520 ಗಂಟೆ ಇದೆ ಸರ್" ಅಂತ ಮಾರೋನು ಹೇಳ್ತಾನೆ. ಆದರೆ ವರ್ಷದ ಲೆಕ್ಕದಲ್ಲಿ ಮಿತಿ ಮುಗಿದಿದೆ.

ಯಾಕೆ ಹೀಗೆ? ಈ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿದೆ. ವಿಮಾನ ಸುಮ್ಮನೆ ನಿಂತ್ರೆ ಅದರ ಮೇಲಿನ ಆಯಿಲ್ ಕೆಳಗಿಳಿದುಹೋಗುತ್ತೆ. ದೆಹಲಿಯ ಮಳೆಗಾಲದ ತೇವ, ಚಳಿಗಾಲದ ಮಂಜು ಸೇರಿ ತುಕ್ಕು ಶುರು. ವಾರಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿದ್ರೆ ಸಾಕು ಅನ್ನೋದೂ ತಪ್ಪು. ಆಯಿಲ್ ಸರಿಯಾಗಿ ಬಿಸಿಯಾಗಲ್ಲ, ಒಳಗಿನ ನೀರಿನಂಶ ಅಲ್ಲೇ ಉಳಿಯುತ್ತೆ. ಹಾರಿಸಬೇಕು, ಇಲ್ಲವೇ ಕಂಪನಿ ಹೇಳಿದ ರೀತಿ ಪ್ರಿಸರ್ವ್ ಮಾಡಿಡಬೇಕು.

ಇನ್ನು ನಿಯಮ. ಅಮೆರಿಕದಲ್ಲಿ ಸ್ವಂತಕ್ಕೆ ಹಾರಿಸೋರಿಗೆ ವಾರ್ಷಿಕ ತಪಾಸಣೆ ಕಡ್ಡಾಯ, ಓವರ್‌ಹಾಲ್ ಮಿತಿ ಮಾತ್ರ ಸಾಮಾನ್ಯವಾಗಿ ಶಿಫಾರಸು. ಅಲ್ಲಿನ ಯೂಟ್ಯೂಬ್ ವಿಡಿಯೋ ನೋಡಿ ಇಲ್ಲೂ ಹಾಗೇ ಅಂದ್ಕೋಬೇಡಿ. ಇಲ್ಲಿ ಮಾತು ನಡೆಯೋದು ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಎದುರಿರೋ ಡಿಜಿಸಿಎಯದು. ನಿಮ್ಮ ವಿಮಾನಕ್ಕೆ ಒಪ್ಪಿಗೆ ಪಡೆದ ಮೇಂಟೆನೆನ್ಸ್ ಪ್ರೋಗ್ರಾಂ ಏನು ಹೇಳುತ್ತೋ ಅದೇ ನಡೆಯೋದು. ಏರ್‌ವರ್ದಿನೆಸ್ ರಿವ್ಯೂ ಸರ್ಟಿಫಿಕೇಟ್ ಒಂದು ವರ್ಷಕ್ಕೆ ಮಾತ್ರ. ಏರ್‌ವರ್ದಿನೆಸ್ ಡೈರೆಕ್ಟಿವ್ ಬಂದ್ರೆ, ಗಂಟೆ ಎಷ್ಟೇ ಉಳಿದಿರಲಿ, ಅದರಲ್ಲಿ ಹೇಳಿದ ಗಡುವಿನೊಳಗೆ ಮಾಡಲೇಬೇಕು.

ಹಾಗಾಗಿ ಅಡ್ವಾನ್ಸ್ ಕೊಡೋ ಮುಂಚೆ ಲಾಗ್‌ಬುಕ್ ತೆರೆಸಿ. ಕೊನೇ ಓವರ್‌ಹಾಲ್ ತಾರೀಖು ಯಾವುದು? ಯಾವ ವರ್ಷ ಎಷ್ಟು ತಿಂಗಳು ನಿಂತೇ ಇತ್ತು? ಆಮೇಲೆ ಮಾರೋರಿಗೆ ಸಂಬಂಧ ಇಲ್ಲದ, ಲೈಸೆನ್ಸ್ ಇರೋ ಎಂಜಿನಿಯರ್‌ನಿಂದ ಕಂಪ್ರೆಶನ್ ಪರೀಕ್ಷೆ ಮಾಡಿಸಿ, ಸಿಲಿಂಡರ್ ಒಳಗೆ ಬೋರ್‌ಸ್ಕೋಪ್ ಇಳಿಸಿ ನೋಡಿಸಿ, ಆಯಿಲ್ ಫಿಲ್ಟರ್ ಕತ್ತರಿಸಿ ಲೋಹದ ಚೂರು ಇದೆಯಾ ಅಂತ ಹುಡುಕಿಸಿ. ಓವರ್‌ಹಾಲ್ ಖರ್ಚನ್ನ ಮೊದಲ ದಿನವೇ ನಿಮ್ಮ ಪಾಲಿನ ಲೆಕ್ಕಕ್ಕೆ ಸೇರಿಸಿ.

ಕಾರು ಕೆಟ್ಟರೆ ಎನ್‌ಎಚ್-48ರ ಪಕ್ಕಕ್ಕೆ ಹಾಕ್ತೀವಿ. ಮೇಲೆ ಪಕ್ಕ ಅನ್ನೋದೇ ಇಲ್ಲ. ಪ್ರಶ್ನೆ ಇದ್ರೆ ಕೇಳಿ.