ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗೆ

(ಶತಮಾನೋತ್ಸವದ ಅಂಗವಾಗಿ ನಡೆದ ಯುವಜನರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ತಳಹದಿ, ಗಂಟೆ, ಗೋಪುರ, ಇಲ್ಲಿ ಸೇವೆ ಸಲ್ಲಿಸಿ ದೈವಾಧೀನರಾದ ಗುರುವರ್ಯರು, ಇವರೆಲ್ಲರ ವಿಷಯವಾಗಿ ಈ ದಿನಗಳಲ್ಲಿ ಹಿರಿಯರು ಬಹಳ ಹೇಳಿದ್ದಾರೆ. ಹೇಳತಕ್ಕದ್ದೇ ಸರಿ. ನಾವು ಇಂದು ಮಾತನಾಡಬೇಕೆಂದಿರುವುದು ಅವಕ್ಕಿಂತ ಬಹು ಚಿಕ್ಕ ವಿಷಯ: ವಾರದ ಕೊನೆಯ ಒಂದೂವರೆ ದಿನ.

ನಮ್ಮ ಧರ್ಮಕೇಂದ್ರದ ತರುಣಿಯೊಬ್ಬಳು ಪದವಿ ಮುಗಿಸಿದ ಮೇಲೆ, ಉದ್ಯೋಗಕ್ಕೆ ಮೊದಲು ಒಂದು ವರ್ಷವನ್ನು ದೇವರಿಗೆ ಕೊಡುತ್ತೇನೆಂದು ತಂದೆತಾಯಿಗಳ ಅನುಮತಿ ಪಡೆದು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲ್ಲೂಕಿಗೆ ಹೋದದ್ದು ನಿಮಗೆ ತಿಳಿದಿದೆ. ಅಲ್ಲಿ ಕಾಡಿನೊಳಗಿನ ಒಂದು ಸಿದ್ದಿ ಮಜಿರೆಯಲ್ಲಿ ಆಕೆ ಸಂಬಳವಿಲ್ಲದ ಶಿಕ್ಷಕಿ. ಬೆಳಿಗ್ಗೆ ಮಕ್ಕಳನ್ನು ಕೂಡಿಸಿಕೊಂಡು, ಎರಡು ಸಂಕಗಳನ್ನು ಕೈಹಿಡಿದು ದಾಟಿಸಿ ಸರ್ಕಾರಿ ಶಾಲೆಗೆ ಮುಟ್ಟಿಸುವುದು, ಸಂಜೆ ದೀಪದ ಬೆಳಕಿನಲ್ಲಿ ಪಾಠ ಹೇಳುವುದು ಆಕೆಯ ಕೆಲಸ. ಮಕ್ಕಳ ಮನೆಮಾತು ಕೊಂಕಣಿ. ಪುಸ್ತಕದ ಮಾತು ಕನ್ನಡ. ಮೊದಲ ತಿಂಗಳು ಕಲಿತದ್ದು ತಾನೇ, ಮಕ್ಕಳಲ್ಲ ಎಂದು ಆಕೆ ನಮಗೆ ಬರೆದಿದ್ದಳು.

ಸಿದ್ದಿ ಜನರ ವಿಷಯವನ್ನು ನಮ್ಮಲ್ಲಿ ಅನೇಕರು ಕೇಳಿರಲಾರರು. ಅವರ ಪೂರ್ವಿಕರು ಆಫ್ರಿಕಾ ಖಂಡದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದರು. ಇಂದು ಅವರಲ್ಲಿ ಕ್ರೈಸ್ತರೂ ಹಿಂದೂಗಳೂ ಮುಸಲ್ಮಾನರೂ ಇದ್ದಾರೆ. ಪರಿಶಿಷ್ಟ ಪಂಗಡವೆಂಬ ಮಾನ್ಯತೆ ಆ ಜಿಲ್ಲೆಯ ಸಿದ್ದಿಗಳಿಗೆ ದೊರೆತದ್ದು 2003ರಲ್ಲಿ. ಅವರನ್ನು ಕೊಂಡು ಮಾರಿದವರೂ ನಮ್ಮಂತೆಯೇ ಜ್ಞಾನಸ್ನಾನ ಪಡೆದವರಾಗಿದ್ದರೆಂಬುದನ್ನು ಮರೆಮಾಚುವುದು ಸತ್ಯವಂತರಿಗೆ ತಕ್ಕುದಲ್ಲ. ಆದುದರಿಂದ ಅಲ್ಲಿಗೆ ಹೋಗುವ ನಮ್ಮ ಮಗಳು ಉಪಕಾರ ಮಾಡಲು ಹೋಗುತ್ತಾಳೆಂದು ನಾವು ಎಂದೂ ಹೇಳಿಲ್ಲ.

ಈಗ ಆ ಒಂದೂವರೆ ದಿನದ ಮಾತು. ಶನಿವಾರ ಶಾಲೆ ಅರ್ಧ ದಿನ. ಹದಿನೈದು ದಿನಗಳಿಗೊಮ್ಮೆ ಆಕೆ ಮಧ್ಯಾಹ್ನ ಚೀಲ ಹೆಗಲಿಗೇರಿಸಿ ಕಾಡುದಾರಿ ಹಿಡಿದು ರಸ್ತೆಗೆ ಬಂದು, ಬಸ್ಸು ಸಿಕ್ಕರೆ ಬಸ್ಸಿನಲ್ಲಿ, ಇಲ್ಲವಾದರೆ ಯಾವುದೋ ಜೀಪಿನಲ್ಲಿ ಪೇಟೆ ಸೇರಿ, ಅಲ್ಲಿಯ ಕನ್ಯಾಮಠದಲ್ಲಿ ಎರಡು ರಾತ್ರಿ ತಂಗುತ್ತಾಳೆ. ಇದು ತಿಳಿದಾಗ ನಮ್ಮ ಹಿರಿಯರೊಬ್ಬರು, "ಸೇವೆಗೆ ಹೋದವರಿಗೆ ರಜೆ ಏಕೆ ಸ್ವಾಮಿ? ಹಿಂದಿನ ಮಿಷನರಿಗಳು ಹೀಗೆ ಪೇಟೆಗೆ ಬರುತ್ತಿದ್ದರೇ?" ಎಂದು ಕೇಳಿದರು. ಪ್ರಶ್ನೆ ಪ್ರಾಮಾಣಿಕವಾದುದು, ಉತ್ತರ ಕೊಡುವುದು ನಮ್ಮ ಕರ್ತವ್ಯ.

ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯವನ್ನು ತೆರೆಯಿರಿ. ಇಬ್ಬಿಬ್ಬರಾಗಿ ಊರೂರಿಗೆ ಹೋಗಿ ಮರಳಿದ ಪ್ರೇಷಿತರಿಗೆ ಊಟ ಮಾಡಲೂ ಬಿಡುವಿರಲಿಲ್ಲ. ಏಕಾಂತ ಸ್ಥಳಕ್ಕೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿರೆಂದು ಅವರನ್ನು ಕರೆದವನು ಸ್ವತಃ ಪ್ರಭುವೇ. ಅವರು ಕೇಳಿಕೊಂಡದ್ದಲ್ಲ. ಇನ್ನೊಂದನ್ನೂ ಗಮನಿಸಿರಿ: ದೋಣಿ ದಡ ಮುಟ್ಟುವ ಮೊದಲೇ ಜನಸಮೂಹ ಅಲ್ಲಿಗೆ ಓಡಿಬಂದಿತ್ತು. ಪ್ರೇಷಿತರಿಗೆ ದೊರೆತ ವಿಶ್ರಾಂತಿ ದೋಣಿಯಲ್ಲಿ ಕಳೆದಷ್ಟೇ ಹೊತ್ತಿನದು.

ಹಿಂದಿನ ಮಿಷನರಿಗಳೆಂದಿರಿ. ಅವರಲ್ಲಿ ಅಗ್ರಗಣ್ಯರಾದ ಸಂತ ಫ್ರಾನ್ಸಿಸ್ ಝೇವಿಯರರು 1542ರಲ್ಲಿ ಗೋವೆಗೆ ಬಂದವರು. ಯೂರೋಪಿನಿಂದ ಪತ್ರ ಬರಲು ವರ್ಷಗಟ್ಟಲೆ ಕಾಯಬೇಕಾದ ಕಾಲ. ಬಂದ ಪತ್ರಗಳಿಂದ ಸಂಗಡಿಗರ ಹಸ್ತಾಕ್ಷರಗಳನ್ನು ಕತ್ತರಿಸಿ, ಪುಟ್ಟ ಭರಣಿಯಲ್ಲಿಟ್ಟು, ಎದೆಯ ಮೇಲೆ ಧರಿಸಿಕೊಂಡು ಅವರು ತಿರುಗುತ್ತಿದ್ದರು. ಅಂಥ ಮಹಾತ್ಮರಿಗೂ ಒಡನಾಡಿಗಳು ಬೇಕಿದ್ದರು. ಇಪ್ಪತ್ತೆರಡು ವರ್ಷದ ಹುಡುಗಿಗೆ ಬೇಡವೇ?

ಆ ಮಜಿರೆಯಲ್ಲಿ ಮೊಬೈಲ್ ಮಾತು ಕೇಳಬೇಕಾದರೆ ಗುಡ್ಡ ಹತ್ತಬೇಕು. ಆಷಾಢದ ಮಳೆ ಹಿಡಿದರೆ ಗುಡ್ಡವೂ ಇಲ್ಲ. ಮಳೆಗಿಂತ ಕಷ್ಟವಾದದ್ದು ಯಾವುದೆಂದು ನಾವು ಕೇಳಿದಾಗ ಆಕೆ ಹೇಳಿದ್ದು, ಯಾವಾಗಲೂ "ಟೀಚರ್" ಆಗಿಯೇ ಇರಬೇಕಾದದ್ದು. ಜ್ವರ ಬಂದರೂ ಟೀಚರ್, ಅಳು ಬಂದರೂ ಟೀಚರ್. ಮಠದಲ್ಲಿ ಭಗಿನಿಯರು ಆಕೆಯನ್ನು ಹೆಸರಿಡಿದು ಕರೆಯುತ್ತಾರೆ, ತಲೆಗೆ ಎಣ್ಣೆ ಹಚ್ಚುತ್ತಾರೆ, ತಡವಾಗಿ ಎದ್ದರೆ ಗದರುತ್ತಾರೆ. ಪಾಪನಿವೇದನೆ, ಭಾನುವಾರದ ಬಲಿಪೂಜೆ, ತಾಯಿಗೆ ದೂರವಾಣಿ, ಸೀಮೆಸುಣ್ಣ, ಸಾಬೂನು. ಅಷ್ಟರಲ್ಲಿ ದಿನ ಮುಗಿಯುತ್ತದೆ.

ಸೋಮವಾರ ಮಾತ್ರ ನಸುಕಿನಲ್ಲೇ ಹೊರಡಬೇಕು. ಅಲ್ಲಿಯ ತಾಯಂದಿರು ಬೆಳಗಾಗುತ್ತಲೇ ಅಡಿಕೆ ತೋಟದ ಕೂಲಿಗೆ ಹೋಗುವವರು. ಹಳ್ಳ ತುಂಬಿದ ದಿನ ಸಂಕ ದಾಟಿಸುವವರಿಲ್ಲವೆಂದರೆ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ; ಒಂದು ಸೋಮವಾರ ಉಳಿದವರು ಮಂಗಳವಾರವೂ ಉಳಿಯುತ್ತಾರೆ. ಇದನ್ನು ಆಕೆಗೆ ಯಾರೂ ಉಪದೇಶಿಸಲಿಲ್ಲ. ಒಮ್ಮೆ ಬೆಳಗಿನ ಬಸ್ಸು ಬಾರದಿದ್ದಾಗ, ರಸ್ತೆಯಲ್ಲಿ ಸಿಕ್ಕ ಹಾಲಿನ ವಾಹನ ಹತ್ತಿ, ಉಳಿದ ದಾರಿಯನ್ನು ನಡೆದೇ ಸೇರಿದಳಂತೆ. ಹೋಗಿಬರುವವಳಿಗೆ ರಜೆಯೆಂದರೇನೆಂದು ಕೇಳಿದ ಹಿರಿಯರು ಇದನ್ನು ಕೇಳಿ ಸುಮ್ಮನಾದರು. ಮರುದಿನ ಬಸ್ಸಿನ ಖರ್ಚಿಗೆಂದು ನಮ್ಮ ಕೈಯಲ್ಲಿ ಹಣವನ್ನೂ ಇಟ್ಟರು.

ಆ ಹಣವನ್ನು ಯಾವ ಲೆಕ್ಕಕ್ಕೆ ಬರೆಯಬೇಕೆಂದು ಗುಮಾಸ್ತರು ಕೇಳಿದರು. ಗಂಟೆಗೆ, ಬಣ್ಣಕ್ಕೆ, ಬಾಣಬಿರುಸಿಗೆ ನಮ್ಮ ಪುಸ್ತಕದಲ್ಲಿ ಪುಟಗಳಿವೆ, ಇದಕ್ಕಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ನವೆಂಬರ್ 18ರಂದು ಶ್ರೀಸಾಮಾನ್ಯರ ಪ್ರೇಷಿತಕಾರ್ಯವನ್ನು ಕುರಿತು ಹೊರಡಿಸಿದ ಆಜ್ಞಾಪತ್ರದ 22ನೆಯ ಪರಿಚ್ಛೇದವು, ಹೀಗೆ ಸ್ವಲ್ಪಕಾಲವಾದರೂ ತಮ್ಮನ್ನು ಸೇವೆಗೆ ಕೊಟ್ಟವರನ್ನು ಸಂತೋಷದಿಂದ ಬರಮಾಡಿಕೊಳ್ಳಬೇಕೆಂದೂ, ಅವರ ಜೀವನಕ್ಕೆ ಬೇಕಾದುದನ್ನೂ ಆತ್ಮಿಕ ಸಾಂತ್ವನವನ್ನೂ ಒದಗಿಸಬೇಕೆಂದೂ ಧರ್ಮಪಾಲಕರಿಗೆ ವಿಧಿಸುತ್ತದೆ. ಕಳುಹಿಸಿದವರ ಹೊಣೆ ಬಸ್ಸು ಹತ್ತಿಸಿದಲ್ಲಿಗೆ ಮುಗಿಯುವುದಿಲ್ಲವೆಂದೇ ಇದರ ಅರ್ಥ. ಆರ್ಥಿಕ ಸಮಿತಿಯವರೊಡನೆ ಮಾತನಾಡಿ, ಈ ತಿಂಗಳಿಂದ ಒಂದು ಪುಟ ತೆರೆಸಿದ್ದೇವೆ. ಬರುವ ಜೂನ್‌ನಲ್ಲಿ ಇನ್ನಿಬ್ಬರು ಹೊರಡಲಿದ್ದಾರೆ. ಅವರ ತಂದೆತಾಯಿಗಳು ಈ ಸಭೆಯಲ್ಲಿಯೇ ಇದ್ದಾರೆ.

ನಾಳೆ ಸೋಮವಾರ ಸರ್ಕಾರಿ ರಜೆಯಾದುದರಿಂದ ಈ ಬಾರಿ ಆಕೆಗೆ ಮನೆಯವರೆಗೆ ಬರುವುದು ಸಾಧ್ಯವಾಯಿತು. ಹಿಂದಿನ ಸಾಲಿನಲ್ಲಿ ತಾಯಿಯ ಪಕ್ಕದಲ್ಲಿ ಕುಳಿತಿದ್ದಾಳೆ. ದಯವಿಟ್ಟು ಎಲ್ಲರೂ ತಿರುಗಿ ನೋಡಬೇಡಿ. ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುವುದರಲ್ಲಿ ನಿಪುಣರು. ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುವುದು ಅವರ ಪದ್ಧತಿ. ಮೂಲೆಗಳಿಗೆ ಬಟ್ಟೆಯ ಹೂವಿಡದೆ ಕೌದಿ ಮುಗಿಯಿತೆನ್ನುವುದಿಲ್ಲ. ಅಂಥದೊಂದನ್ನು ಅವರು ನಮ್ಮ ಧರ್ಮಕೇಂದ್ರಕ್ಕೆಂದು ಕಳುಹಿಸಿದ್ದಾರೆ. ಗುರುಮನೆಯಲ್ಲಿ ಹರಡಿಟ್ಟಿದ್ದೇವೆ, ನೋಡಿಕೊಂಡು ಹೋಗಿರಿ. ಅವರು ನಮ್ಮಿಂದ ಕೇಳಿರುವುದು ಹಳೆಯ ಹತ್ತಿಯ ಸೀರೆಗಳನ್ನು. ಇರುವವರು ಒಗೆದು ಮಡಿಸಿ ಇಂದು ಸಾಯಂಕಾಲದ ಪರಮಪ್ರಸಾದದ ಆರಾಧನೆಗೆ ಮೊದಲು ತಂದುಕೊಡಬೇಕು. ಒಂದೇ ಗಂಟು ಆಗುವಷ್ಟು ಸಾಕು. ನಾಳೆ ಮಧ್ಯಾಹ್ನದ ಬಸ್ಸು, ಅದರ ಮೇಲೆ ಎರಡು ಸಂಕ, ಹೊರುವವಳು ಒಬ್ಬಳೇ.