ಚಿಟ್ಟಿಯೂ ಬಿಟ್ಟಿಯೂ

(ಪೀಣ್ಯದಲ್ಲಿ ಕಾರ್ಮಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಸಾರ)



ಪಾಳಿ ಮುಗಿಸಿ ನೇರವಾಗಿ ಬಂದು ಕುಳಿತಿದ್ದೀರಿ. ಹಸಿದ ಹೊಟ್ಟೆಗೆ ಉದ್ದನೆಯ ಭಾಷಣ ಹಿಡಿಸುವುದಿಲ್ಲವೆಂಬುದನ್ನು ಬಲ್ಲೆವು. ಆದುದರಿಂದ ಇಂದು ಒಂದು ಸಿನಿಮಾದ ಮಾತನ್ನೇ ಆಡೋಣ.

2010ರಲ್ಲಿ ತೆರೆಕಂಡ, ಶಂಕರ್ ನಿರ್ದೇಶಿಸಿದ ತಮಿಳು ಚಿತ್ರ 'ಎಂದಿರನ್' ಅನ್ನು ನಿಮ್ಮಲ್ಲಿ ಬಹುಮಂದಿ ನೋಡಿರಬೇಕು. ವಿಜ್ಞಾನಿಯೊಬ್ಬ ವರ್ಷಗಟ್ಟಲೆ ದುಡಿದು ತನ್ನದೇ ಮುಖದ ಯಂತ್ರಮಾನವನನ್ನು ಮಾಡುತ್ತಾನೆ. ಅವನ ಹೆಸರು ಚಿಟ್ಟಿ. ಅದಕ್ಕೂ ಎಂಟು ವರ್ಷ ಮೊದಲೇ, 2002ರಲ್ಲಿ, ದಿನೇಶ್ ಬಾಬು ನಿರ್ದೇಶನದ ಕನ್ನಡ ಚಿತ್ರ 'ಹಾಲಿವುಡ್'ನಲ್ಲಿ ಉಪೇಂದ್ರರು ಯಂತ್ರಮಾನವರಾಗಿ ಬಂದಿದ್ದರು.

ಈ ಚಿಟ್ಟಿ ನಮಗೆ ದೂರದವನಲ್ಲ. ಆ ವೇಷ ತೊಟ್ಟ ರಜನೀಕಾಂತರು ಬೆಂಗಳೂರಿನಲ್ಲೇ ಹುಟ್ಟಿ, ನಟರಾಗುವ ಮುನ್ನ ಬಿ.ಟಿ.ಎಸ್. ಬಸ್ಸಿನಲ್ಲಿ ಟಿಕೆಟ್ ಹರಿದು ಕೊಟ್ಟವರು. ಸಂಭಾಷಣೆ ಬರೆದವರಲ್ಲಿ ಒಬ್ಬರಾದ ಸುಜಾತಾ, ಅಂದರೆ ಎಸ್. ರಂಗರಾಜನ್, ಇಲ್ಲಿಗೆ ಕೂಗಳತೆಯಲ್ಲಿರುವ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದವರು. ನಾವು ಗುಂಡಿ ಒತ್ತಿ ವೋಟು ಹಾಕುವ ಯಂತ್ರವನ್ನು ರೂಪಿಸುವುದರಲ್ಲಿ ಅವರ ಪಾಲೂ ಉಂಟು. ಚಿತ್ರ ಹೊರಬರುವ ಮುನ್ನವೇ, 2008ರಲ್ಲಿ, ಅವರು ತೀರಿಕೊಂಡರು.

ಆ ಕಥೆಯಲ್ಲಿ ಎರಡು ಸಂಗತಿಗಳು ನಮ್ಮ ಮನಸ್ಸಿಗೆ ನಾಟಿದವು. ಬೆಂಕಿ ಬಿದ್ದ ಕಟ್ಟಡದಿಂದ ಚಿಟ್ಟಿ ಜನರನ್ನು ಒಬ್ಬೊಬ್ಬರನ್ನಾಗಿ ಹೊತ್ತು ತರುತ್ತಾನೆ. ಸ್ನಾನಕ್ಕಿಳಿದಿದ್ದ ಹುಡುಗಿಯೊಬ್ಬಳನ್ನು ಇದ್ದಂತೆಯೇ ಎತ್ತಿ ತಂದು ಹತ್ತಾರು ಜನರೆದುರು ನಿಲ್ಲಿಸುತ್ತಾನೆ. ಆಕೆ ನಾಚಿಕೆಯಿಂದ ಓಡಿ ವಾಹನಕ್ಕೆ ಸಿಕ್ಕಿ ಸಾಯುತ್ತಾಳೆ. ಜೀವ ಉಳಿಸೆಂದು ಅವನಿಗೆ ಹೇಳಿದ್ದರು. ಮಾನ ಉಳಿಸೆಂದು ಯಾರೂ ಹೇಳಿರಲಿಲ್ಲ. ಇನ್ನೊಂದು: ಹೇಳಿದ್ದನ್ನು ಕೇಳುವಷ್ಟು ದಿನ ಚಿಟ್ಟಿ ಒಡೆಯನಿಗೆ ಮುದ್ದು. ತನಗೂ ಒಂದು ಆಸೆಯುಂಟೆಂದು ಅವನು ತಿರುಗಿ ನಿಂತಾಗ ಅದೇ ಒಡೆಯ ಅವನನ್ನು ಕೊಚ್ಚಿ ಕಸದ ರಾಶಿಗೆ ಎಸೆಯುತ್ತಾನೆ. ಗೇಟಿನ ಹೊರಗೆ ನಿಂತು ನೋಡಿದವರು ಈ ಪಾಠವನ್ನು ಸಿನಿಮಾದಿಂದ ಕಲಿಯಬೇಕಾಗಿಲ್ಲ.

ರೋಬೋಟ್ ಎಂಬ ಮಾತು ಎಲ್ಲಿಂದ ಬಂತು, ಬಲ್ಲಿರಾ? ಯೂರೋಪಿನ ಚೆಕ್ ನಾಡಿನ ಕಾರೆಲ್ ಚಾಪೆಕ್ ಎಂಬ ನಾಟಕಕಾರ 1920ರಲ್ಲಿ ಬರೆದ ನಾಟಕದಿಂದ. ಮಾತನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಚೆಕ್ ಭಾಷೆಯಲ್ಲಿ 'ರೊಬೊಟ' ಎಂದರೆ ರೈತ ತನ್ನ ಜಮೀನುದಾರನಿಗೆ ಕೂಲಿಯಿಲ್ಲದೆ ಮಾಡಬೇಕಾಗಿದ್ದ ಕಡ್ಡಾಯದ ಚಾಕರಿ. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಬಿಟ್ಟಿ ಎನ್ನುತ್ತಿದ್ದರು. ಕೂಲಿ ಕೇಳದ, ರಜೆ ಕೇಳದ, ಎದುರು ಮಾತಾಡದ ಆಳು ಬೇಕೆಂಬುದು ಒಡೆಯರ ಹಳೆಯ ಆಸೆ. ಹೊಸದಾಗಿ ಬಂದಿರುವುದು ಕಬ್ಬಿಣದ ಮೈ ಅಷ್ಟೆ.

ಪೀಣ್ಯಕ್ಕೆ ಬಂದ ಯಂತ್ರಮಾನವನಿಗೆ ರಜನಿಯ ಮುಖವಿಲ್ಲ. ತೋಳು ಮಾತ್ರ ಉಂಟು. ವೆಲ್ಡಿಂಗ್ ಮಾಡುತ್ತದೆ, ಬಣ್ಣ ಹೊಡೆಯುತ್ತದೆ, ಭಾರ ಎತ್ತಿಡುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಆ ತೋಳೂ ಬೇಕಿಲ್ಲ. ಕಂಪ್ಯೂಟರಿನೊಳಗೇ ಕುಳಿತು ಪತ್ರ ಬರೆಯುತ್ತದೆ, ಲೆಕ್ಕ ನೋಡುತ್ತದೆ. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ತಮ್ಮಂದಿರಿಗೂ ಈಗ ನಮ್ಮದೇ ಚಿಂತೆ ಹತ್ತಿದೆ.

ನಾವು ಯಂತ್ರದ ವೈರಿಗಳಲ್ಲ. ಪವರ್ ಪ್ರೆಸ್ಸಿನ ಬಾಯಿಗೆ ಬೆರಳು ಕೊಟ್ಟವರು ಈ ಸಭೆಯಲ್ಲೇ ಕುಳಿತಿದ್ದಾರೆ. ಆ ಬಾಯಿಗೆ ಕಬ್ಬಿಣದ ಕೈ ಹೋಗಲಿ, ಮನುಷ್ಯನ ಕೈ ಉಳಿಯಲಿ, ಸಂತೋಷವೇ. ಆದರೆ ಬೆರಳು ಉಳಿದು ಅನ್ನ ಹೋದರೆ ಏನು ಬಂತು? ಹತ್ತಾಳಿನ ಕೆಲಸವನ್ನು ಒಂದು ತೋಳು ಮಾಡಿದರೆ ಆ ಉಳಿತಾಯ ಯಾರ ಪೆಟ್ಟಿಗೆ ಸೇರಬೇಕು? ಕೆಲಸದ ಗಂಟೆ ಇಳಿಯಬಾರದೇಕೆ? ಇದ್ದ ಆಳಿಗೇ ಆ ಯಂತ್ರದ ವಿದ್ಯೆ ಕಲಿಸಬಾರದೇಕೆ?

ಅಂಗಡಿಯ ಅಣ್ಣಂದಿರೂ ಇದನ್ನು ಕೇಳಬೇಕು. ಯಂತ್ರಮಾನವ ಚಹಾ ಕುಡಿಯುವುದಿಲ್ಲ, ಬಾಳೆಹಣ್ಣು ಕೊಳ್ಳುವುದಿಲ್ಲ, ಮಗಳ ಮದುವೆಗೆ ಸೀರೆ ಒಯ್ಯುವುದಿಲ್ಲ. ಕಾರ್ಖಾನೆಯೊಳಗೆ ಹಾಜರಿ ಕುಗ್ಗಿದಂತೆ ಗೇಟಿನ ಮುಂದಿನ ಗಲ್ಲಾಪೆಟ್ಟಿಗೆಯೂ ಹಗುರವಾಗುತ್ತದೆ.

ಕಾನೂನು ಪೂರಾ ಕೈಬಿಟ್ಟಿಲ್ಲ. 1947ರ ಕೈಗಾರಿಕಾ ವಿವಾದ ಕಾಯಿದೆಗೆ 1956ರಲ್ಲಿ ಸೇರಿಸಿದ 9-ಎ ಕಲಮು, ಆಳು ಕಡಿತಕ್ಕೆ ದಾರಿಯಾಗುವಂಥ ಯಂತ್ರಸುಧಾರಣೆಗೆ 21 ದಿನ ಮುಂಚಿತವಾಗಿ ನೋಟೀಸು ಕೊಡಬೇಕೆಂದು ವಿಧಿಸಿತ್ತು. ಅದರ ಸ್ಥಾನಕ್ಕೆ ಬಂದ 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿಯೂ ಆ 21 ದಿನಗಳ ನೋಟೀಸು ಉಂಟು. ಆದರೆ ಕೇಳುವವರಿಲ್ಲದಿದ್ದರೆ ಕಾಗದ ಕಾಗದವಾಗಿಯೇ ಉಳಿಯುತ್ತದೆ.

ಚಿತ್ರದ ಕೊನೆಯಲ್ಲಿ ನ್ಯಾಯಾಲಯ ಚಿಟ್ಟಿಯನ್ನು ಕಳಚಿಹಾಕಬೇಕೆಂದು ತೀರ್ಪು ಕೊಡುತ್ತದೆ. ಅವನು ತನ್ನ ಕೈಯಾರೆ ತನ್ನ ಅಂಗಗಳನ್ನು ಒಂದೊಂದಾಗಿ ಬಿಚ್ಚಿಡುತ್ತಾನೆ. ನೋಡುವಾಗ ನಮ್ಮ ಕಣ್ಣೂ ಒದ್ದೆಯಾಯಿತು. ಪಾಪ, ಅವನ ಪರವಾಗಿ ನಿಲ್ಲಲು ಸಂಘವಿರಲಿಲ್ಲ, ನೆರೆಹೊರೆಯವರಿರಲಿಲ್ಲ. ನಮಗೆ ಎರಡೂ ಉಂಟು. ಮುಂದಿನ ಸಲ ಕಾರ್ಖಾನೆಯ ಅಂಗಳದಲ್ಲಿ ಹೊಸ ಯಂತ್ರದ ಪೆಟ್ಟಿಗೆ ಇಳಿದಾಗ ನಾವೆಲ್ಲ ಒಟ್ಟಾಗಿ ಹೋಗಿ, ನೋಟೀಸು ಎಲ್ಲಿ ಎಂದು ಕೇಳೋಣ.